ಕಲಸಿದ ಮುಲಾಮು

ಭದ್ರಾವತಿಯಿಂದ ಹೊನ್ನೆಕೊಪ್ಪಕ್ಕೆ ಬೆಳಗಿನ ಹೊತ್ತು ಒಂದೇ ಬಸ್ಸು. ಅದರಿಂದಿಳಿದ ಶಾಮಲಾ ನಾಲೆಯ ಏರಿ ಹಿಡಿದು ಗದ್ದೆಬಯಲಿನ ಕಡೆ ನಡೆದಳು. ಹೆಗಲ ಚೀಲದಲ್ಲಿ ಅಂಗೈಯಗಲದ ತೂಕದ ಯಂತ್ರ, ಒಂದು ಅಳತೆಪಟ್ಟಿ, ಇಪ್ಪತ್ತನಾಲ್ಕು ಹೆಂಗಸರ ಹೆಸರಿದ್ದ ಕಡತ. ಬೇಸಿಗೆ ಬೆಳೆಗೆ ನಾಲೆಯಲ್ಲಿ ನೀರು ಬಿಟ್ಟು ಮೂರು ವಾರವಾಗಿತ್ತು. ಮೇಲಿನ ಗದ್ದೆಗಳಲ್ಲಿ ನಾಟಿ ಮುಗಿದು ಪೈರು ಬೇರು ಹಿಡಿದಿತ್ತು. ಕೆಳಗಿನ ಗದ್ದೆಗಳಲ್ಲಿ ಟ್ರ್ಯಾಕ್ಟರು ಇನ್ನೂ ಕೆಸರು ಮಾಡುತ್ತಿತ್ತು.

ವಸಂತಮ್ಮನ ನಾಟಿ ಗುಂಪು ಊಟಕ್ಕೆ ಬದುವಿಗೆ ಬರುವುದು ಹನ್ನೆರಡೂವರೆಗೆ. ಅಲ್ಲಿಯ ತನಕ ಶಾಮಲಾ ಹೊಂಗೆ ಮರದ ನೆರಳಲ್ಲಿ ಕಾದಳು. ಕೆಲಸದ ನಡುವೆ ಕರೆದು ಕಾಲು ನೋಡುವುದು ಅವಳಿಗೆ ಸರಿ ಕಾಣುತ್ತಿರಲಿಲ್ಲ. ಕಾಲೇಜಿಗೆ ಸೇರುವ ತನಕ ಅವಳೂ ರಜೆಯಲ್ಲಿ ತಾಯಿಯ ಪಕ್ಕ ಬಗ್ಗಿ ಸಸಿ ನೆಟ್ಟವಳು. ಸಾಲು ಮುಗಿಯುವ ಮುಂಚೆ ಯಾರಾದರೂ ಕೂಗಿದರೆ ಎಷ್ಟು ಸಿಟ್ಟು ಬರುತ್ತದೆ ಎಂಬುದು ಗೊತ್ತಿತ್ತು.

ನಾಟಿ ಹೆಂಗಸರ ಕಾಲಿನ ಕಥೆಯೂ ಅವಳಿಗೆ ಹೊಸದಲ್ಲ. ಕೆಸರಿಗಿಳಿದ ನಾಲ್ಕೈದು ದಿನಕ್ಕೆ ಬೆರಳ ಸಂದಿ ಬೆಳ್ಳಗಾಗುತ್ತದೆ, ಆಮೇಲೆ ಸೀಳುತ್ತದೆ, ವಾರ ಕಳೆಯುವಷ್ಟರಲ್ಲಿ ಹುಣ್ಣು. ರಾತ್ರಿ ಕಾಲು ಬೆಂಕಿಯಲ್ಲಿಟ್ಟ ಹಾಗೆ ಉರಿಯುತ್ತದೆ. ಬೆಳಿಗ್ಗೆ ಅದೇ ಕಾಲನ್ನು ಅದೇ ಕೆಸರಿನಲ್ಲಿ ಇಡಬೇಕು. ಅರಿಶಿನ, ಹೊಂಗೆ ಎಣ್ಣೆ, ಸುಣ್ಣ ಹಚ್ಚದವರಿಲ್ಲ. ಶಿವಮೊಗ್ಗದ ಹೊರಗಿರುವ ಖಾಸಗಿ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ನರ್ಸ್ ಆಗಿ ಹನ್ನೆರಡು ವರ್ಷ ಕಳೆದ ಮೇಲೆ ಒಂದು ದಿನ ಶಾಮಲಾ ಡಾಕ್ಟರ್ ನಿರಂಜನರ ಮುಂದೆ ನಿಂತು, "ಸಾರ್, ಎಲ್ಲ ಕಾಯಿಲೆಗೂ ಸ್ಟಡಿ ಮಾಡ್ತೀರಿ. ಈ ಕಾಲಿಗೆ ಯಾವಾಗ?" ಎಂದು ಕೇಳಿದ್ದಳು. ಅವರು ನಕ್ಕಿದ್ದರು, ಆದರೆ ಮರೆತಿರಲಿಲ್ಲ. ಬೇರೊಂದು ಚರ್ಮರೋಗಕ್ಕೆ ಈಗಾಗಲೇ ಅನುಮತಿ ಇದ್ದ ಮುಲಾಮನ್ನು ಹುಡುಕಿ, ಕೆಸರು ಹುಣ್ಣಿಗೂ ಆಗುತ್ತದೆಯೇ ನೋಡೋಣ ಎಂದು ಹೊರಟರು. ಕಾಗದಪತ್ರ ಮುಗಿದು ಕಾಲೇಜಿನ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಗಲು ಒಂದೂವರೆ ವರ್ಷ ಹಿಡಿಯಿತು. ಹಾಗಾಗಿ ಈ ಸ್ಟಡಿ ಕಾಗದದಲ್ಲಿ ನಿರಂಜನರದ್ದಾದರೂ ಮನಸ್ಸಿನಲ್ಲಿ ಶಾಮಲಾಳದು.

ಊಟದ ಹೊತ್ತಾಯಿತು. ಹೆಂಗಸರು ನಾಲೆಯಲ್ಲಿ ಕಾಲು ತೊಳೆದು ಬದುವಿನ ಮೇಲೆ ಸಾಲಾಗಿ ಕೂತರು. ಶಾಮಲಾ ಒಬ್ಬೊಬ್ಬರದೇ ಕಾಲು ಹಿಡಿದು, ಬೆರಳು ಅಗಲಿಸಿ, ಹುಣ್ಣನ್ನು ಅಳೆದು ಬರೆದುಕೊಂಡಳು. ಎಂಟನೆಯವಳ ಹೊತ್ತಿಗೆ ಅವಳಿಗೆ ಏನೋ ಕಸಿವಿಸಿ. ಮುಲಾಮು ಕೊಟ್ಟ ಎರಡು ವಾರದಲ್ಲಿ ಕೆಲವರ ಕಾಲು ಚೆನ್ನಾಗಿ ವಾಸಿಯಾಗಿರಬೇಕಿತ್ತು, ಕೆಲವರದು ಹಾಗೇ ಉಳಿದಿರಬೇಕಿತ್ತು. ಇಲ್ಲಿ ಎಲ್ಲರದೂ ಒಂದೇ ಸಮ, ಸ್ವಲ್ಪ ಸ್ವಲ್ಪ ವಾಸಿ.

"ಟ್ಯೂಬ್ ತಂದಿದೀರಾ? ತೂಕ ಮಾಡ್ಬೇಕು" ಎಂದಳು.

ಇಪ್ಪತ್ತನಾಲ್ಕು ಟ್ಯೂಬುಗಳೂ ಬದುವಿನ ಮೇಲೆ ಸಾಲಾಗಿ ಬಂದವು. ಎಲ್ಲದರ ಬುಡವನ್ನೂ ಕುಡುಗೋಲಿನಿಂದ ಕುಯ್ದು, ಹಿಂಡಿ, ಚಪ್ಪಟೆ ಮಾಡಲಾಗಿತ್ತು.

"ಇದೇನು ವಸಂತಕ್ಕ, ತಿಂಗಳಿಗೆ ಕೊಟ್ಟಿದ್ದು ಎರಡೇ ವಾರಕ್ಕೆ ಖಾಲಿ?"

ಗುಂಪಿನ ಮೇಸ್ತ್ರಿ ವಸಂತಮ್ಮ ಐವತ್ತು ದಾಟಿದ ಹೆಂಗಸು. ಎತ್ತರ, ಗಟ್ಟಿ ದನಿ. "ಖಾಲಿ ಯಾಕಾಗತ್ತೆ ಕಣಮ್ಮ? ಎಲ್ಲಾ ಇದೆ" ಎನ್ನುತ್ತ ಬುತ್ತಿಯ ಚೀಲದಿಂದ ಸ್ಟೀಲ್ ಡಬ್ಬಿಯೊಂದನ್ನು ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಬೆಣ್ಣೆಯ ಹಾಗೆ ನುಣ್ಣಗೆ ಬಿಳಿ ಮುಲಾಮು. "ನೋಡು. ಎಲ್ಲಾ ಹಿಂಡಿ ಒಟ್ಟಿಗೆ ಕಲಸಿಬಿಟ್ವಿ. ಡಬ್ಬಿ ಬಿಸಿನೀರಲ್ಲಿ ತೊಳೆದೇ ಕಲಸಿದ್ದು, ಹೆದರ್ಕೋಬೇಡ. ದಿನಾ ಸಂಜೆ ಒಬ್ಬೊಬ್ಬರಿಗೂ ಒಂದೊಂದು ಚಮಚ ಹಂಚ್ತೀನಿ."

ಶಾಮಲಾ ಕಡತ ಮುಚ್ಚಿದಳು.

"ಯಾಕೆ ಕಲಸಿದ್ರಿ?"

"ನೀನೇ ತಾನೆ ಓದಿ ಹೇಳಿದ್ದು?" ವಸಂತಮ್ಮನಿಗೆ ಆಶ್ಚರ್ಯ. "ಅರ್ಧ ಜನಕ್ಕೆ ಔಷಧಿ ಇರೋದು, ಇನ್ನರ್ಧಕ್ಕೆ ಔಷಧಿ ಇಲ್ದೇ ಇರೋದು ಅಂತ. ಯಾರಿಗೆ ಯಾವುದು ಅಂತ ಡಾಕ್ಟ್ರಿಗೂ ಗೊತ್ತಿರಲ್ಲ ಅಂದೆ. ಅವತ್ತು ಸಂಜೆ ಕೂತು ಮಾತಾಡಿದ್ವಿ. ಹನ್ನೆರಡು ಜನ ವಾಸಿಯಾಗಿ, ಹನ್ನೆರಡು ಜನ ಕೊಳೀಬೇಕಾ? ಕಲಸಿದ್ರೆ ಎಲ್ರಿಗೂ ಅರ್ಧರ್ಧ ಔಷಧಿ ಬರತ್ತೆ. ಅಲ್ವೇನು?"

"ಲೆಕ್ಕ ಸರಿ ಇದೆ" ಎಂದಳು ಪಕ್ಕದ ಪದ್ಮಮ್ಮ, ಗುಂಪಿನಲ್ಲೇ ಹಿರಿಯಳು. "ಒಂದು ಚೂರೂ ಪೋಲಾಗಿಲ್ಲ. ಟ್ಯೂಬಿನ ಒಳಗೆ ಬೆರಳು ಹಾಕಿ ಬಳಿದಿದೀವಿ."

ಈ ಗುಂಪಿನ ರೀತಿಯೇ ಹಾಗೆ, ಶಾಮಲಾ ಅದನ್ನು ಮರೆತಿದ್ದಳು. ಗದ್ದೆಯವರು ಕೊಟ್ಟ ಎಳನೀರಾಗಲಿ, ಬದುವಿನಲ್ಲಿ ಕಿತ್ತ ಸೊಪ್ಪಾಗಲಿ, ನಾಲೆಯಲ್ಲಿ ಸಿಕ್ಕ ಏಡಿಯಾಗಲಿ ಎಲ್ಲವೂ ಸಮಪಾಲು. ಜ್ವರ ಬಂದು ಮನೆಯಲ್ಲಿ ಮಲಗಿದವಳ ಪಾಲೂ ಅವಳ ಮನೆಗೆ ಹೋಗುತ್ತದೆ. ಇಂಥವರ ಕೈಗೆ ಹನ್ನೆರಡು ಹುಸಿ ಟ್ಯೂಬು, ಹನ್ನೆರಡು ನಿಜದ ಟ್ಯೂಬು ಕೊಟ್ಟು, ಅದನ್ನು ಬಾಯಿಬಿಟ್ಟು ಹೇಳಿಯೂ ಹೋದರೆ ಇನ್ನೇನಾದೀತು?

ಹೇಳದೆ ಇರುವ ಹಾಗಿರಲಿಲ್ಲ. ಮನುಷ್ಯರ ಮೇಲೆ ಯಾವ ಪರೀಕ್ಷೆ ಮಾಡಿದರೂ ಅವರಿಗೆ ಅವರ ಭಾಷೆಯಲ್ಲಿ ಎಲ್ಲವನ್ನೂ ತಿಳಿಸಬೇಕು, ಒಳ್ಳೆಯದನ್ನೂ ಕೆಟ್ಟದ್ದನ್ನೂ. ಅದು ದೇಶದ ಕಾನೂನು. ಒಪ್ಪಿಗೆ ಪತ್ರದ ನಾಲ್ಕು ಪುಟಗಳನ್ನು ಶಾಮಲಾ ಶಾಲೆಯ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಓದಿದ್ದಳು. ಆವತ್ತು ಪ್ರಶ್ನೆಗಳಿಗೂ ಕೊರತೆ ಇರಲಿಲ್ಲ.

"ನಮಗಿಂತ ಮುಂಚೆ ಯಾರ ಮೇಲೆ ಹಚ್ಚಿ ನೋಡಿದ್ರು?" ಎಂದು ಪದ್ಮಮ್ಮ ಕೇಳಿದ್ದಳು.

"ಮೊದಮೊದಲು ಮೊಲದ ಮೇಲೆ. ಬಹಳ ಹಿಂದೆ."

"ಮೊಲ ಹೂಂ ಅಂತಾ?"

"ಮೊಲದ ಪರವಾಗಿ ಕೇಳೋಕೆ ಬೇರೆ ಕಮಿಟಿ ಇರತ್ತೆ, ಪದ್ಮಮ್ಮ. ಎಷ್ಟು ಮೊಲ, ನೋವಾಗದ ಹಾಗೆ ಹೇಗೆ, ಮೊಲ ಇಲ್ದೆ ಆಗಲ್ವಾ, ಎಲ್ಲಾ ಅವರು ಕೇಳ್ತಾರೆ."

"ಸಕ್ರೆಬೈಲಲ್ಲಿ ನನ್ನ ತಂಗಿ ಗಂಡ ಆನೆ ನೋಡ್ಕೊಳ್ತಾನೆ. ಆನೆಗೆ ಒಂದು ಸೂಜಿ ಚುಚ್ಚಬೇಕಾದ್ರೂ ಹತ್ತು ಕಾಗದ ಬೇಕಂತೆ. ನಮ್ಗೆ ಎಷ್ಟು?"

"ನಾಲ್ಕು."

"ನೋಡ್ರೇ, ಆನೆಗಿಂತ ಅಗ್ಗ ಆದ್ವಿ!" ಎಂದಿದ್ದಳು. ಜಗಲಿ ತುಂಬ ನಗು. ಆಮೇಲೆ ವಸಂತಮ್ಮ "ಆಯ್ತು, ಹಾಕ್ರೇ ಎಲ್ಲಾ" ಎಂದಳು. ಇಪ್ಪತ್ತನಾಲ್ಕು ಸಹಿಗಳು ಅರ್ಧ ಗಂಟೆಯಲ್ಲಿ ಬಿದ್ದವು.

ಈಗ ಶಾಮಲಾ ಡಬ್ಬಿಯ ಮುಚ್ಚಳ ಹಾಕಿದಳು. "ವಸಂತಕ್ಕ, ಇದನ್ನ ಇನ್ನು ಹಚ್ಚೋದು ಬೇಡ. ನಾನು ತಗೊಂಡು ಹೋಗ್ತೀನಿ. ಯಾವುದು ಗುಣ ಮಾಡ್ತು ಅಂತ ಗೊತ್ತಾಗೋಕೇ ಬೇರೆ ಬೇರೆ ಕೊಟ್ಟಿದ್ದು. ಹೀಗೆ ಕಲಸಿದ್ರೆ ಮುಲಾಮು ಕೆಲಸ ಮಾಡ್ತೋ ಇಲ್ವೋ ಯಾವತ್ತೂ ಗೊತ್ತಾಗಲ್ಲ. ಗೊತ್ತಾಗದೇ ಇದ್ರೆ ಮುಂದೆ ಯಾರಿಗೂ ಸಿಗಲ್ಲ."

ವಸಂತಮ್ಮನ ಮುಖ ಸಣ್ಣದಾಯಿತು. "ಮನೆಯವರಿಗೆ, ಮಕ್ಕಳಿಗೆ ಕೊಡಬಾರದು ಅಂತ ಇತ್ತು. ಕೊಟ್ಟಿಲ್ಲ. ನಮ್ಮನಮ್ಮಲ್ಲೇ ಹಂಚ್ಕೋಬಾರ್ದು ಅಂತ ಎಲ್ಲಿತ್ತು?"

ಶಾಮಲಾ ನಾಲ್ಕು ಪುಟಗಳನ್ನೂ ಅಲ್ಲೇ ತಿರುವಿದಳು. ಅದು ಇರಲಿಲ್ಲ.

"ಇಲ್ಲ. ಅದು ನಮ್ಮ ತಪ್ಪು" ಎಂದಳು.

ಸಂಜೆ ಶಿವಮೊಗ್ಗದಲ್ಲಿ ನಿರಂಜನ ಸ್ಟೀಲ್ ಡಬ್ಬಿಯನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನಲವತ್ತರ ಮನುಷ್ಯ, ಮುಂದಲೆ ಆಗಲೇ ಬೋಳಾಗಿತ್ತು.

"ಶಾಮಲಾ, ಇರೋರೇ ಇಪ್ಪತ್ನಾಲ್ಕು ಜನ. ಇದು ಗೊತ್ತಾದ್ರೆ ಕಮಿಟಿ ಸ್ಟಡಿ ಮುಚ್ಚುತ್ತೆ. ಮುಚ್ಚಿದ್ರೆ ಇನ್ನೊಂದ್ಸಲ ಯಾರೂ ಬಾಗಿಲು ತೆಗೆಯಲ್ಲ. ನನ್ನ ಡಿಪಾರ್ಟ್‌ಮೆಂಟಲ್ಲೇ ನಗ್ತಾರೆ."

"ಗೊತ್ತು ಸಾರ್."

"ಟ್ಯೂಬ್ ಸೋರಿ ಹೋಗಿತ್ತು, ವಾಪಸ್ ತಗೊಂಡ್ವಿ, ಹೊಸದಾಗಿ ಶುರು ಮಾಡ್ತೀವಿ ಅಂತ ಬರೆದ್ರೆ..." ಎಂದವರು ತಾವೇ ನಿಲ್ಲಿಸಿದರು. ಅವರ ಬಾಯಿಂದ ಆ ಮಾತು ಪೂರ್ತಿ ಬರುವಂಥದಲ್ಲ.

"ನಾನು ಬಸ್ಸಲ್ಲೇ ಬರೆದಾಯ್ತು ಸಾರ್" ಎಂದು ಶಾಮಲಾ ಎರಡು ಹಾಳೆ ಮುಂದಿಟ್ಟಳು. ಏನಾಯಿತು, ಯಾವತ್ತು, ಯಾರು ಹೇಳಿದರು, ಸಹಿಗಳು ಹೇಗೆ ಬಿದ್ದವು, ಪತ್ರದಲ್ಲಿ ಯಾವ ಮಾತು ಇರಲಿಲ್ಲ, ಎಲ್ಲವೂ ಇತ್ತು. ಕೆಳಗೆ ಅವಳ ಸಹಿ. "ಹೆಂಗಸರ ತಪ್ಪು ಅಂತ ಬರೆದಿಲ್ಲ. ಅವರು ಅವರ ರೀತೀಲಿ ಸರಿಯಾಗೇ ಮಾಡಿದಾರೆ. ನಾವು ಆ ರೀತಿ ನೋಡ್ದೆ ಸ್ಟಡಿ ಮಾಡಿದ್ವಿ. ನಂಗೊಂದು ಕೋರಿಕೆ ಇದೆ, ಕೊನೇಲಿ ಬರೆದಿದೀನಿ. ಕಮಿಟಿ ವಸಂತಕ್ಕನ್ನ ಕರೆಸಿ ಕೇಳ್ಬೇಕು."

ನಿರಂಜನ ಎರಡು ಹಾಳೆಯನ್ನೂ ಓದಿದರು. ಕೆಳಗೆ ತಮ್ಮ ಸಹಿಯನ್ನೂ ಹಾಕಿದರು.

"ಮುಚ್ಚಿದ್ರೆ?"

"ಮುಚ್ಚಲ್ಲ ಸಾರ್" ಎಂದಳು. ಯಾಕೆ ಅಂಥ ನಂಬಿಕೆ ಎಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ನಿಜ ಹೇಳಿದ ಮೇಲೆ ದಾರಿಯೊಂದು ಇದ್ದೇ ಇರುತ್ತದೆ ಎಂದು ಅವಳ ಸ್ವಭಾವ ಹೇಳುತ್ತಿತ್ತು, ಅಷ್ಟೆ.

ಎಂಟು ದಿನಕ್ಕೆ ಸಭೆ ಸೇರಿತು. ಕಮಿಟಿಯ ಅಧ್ಯಕ್ಷೆ ಪ್ರಿಯದರ್ಶಿನಿ ನಿವೃತ್ತ ನ್ಯಾಯಾಧೀಶೆ. ಅಧ್ಯಕ್ಷರು ಕಾಲೇಜಿನ ಹೊರಗಿನವರೇ ಆಗಿರಬೇಕು ಎಂಬ ನಿಯಮದಿಂದಾಗಿ ಬಂದವರು. ಭೈರಪ್ಪನವರೂ ಹಾಗೆಯೇ ನಿಯಮದಿಂದ ಬಂದವರು. ಡಾಕ್ಟರೂ ಅಲ್ಲದ, ವಕೀಲರೂ ಅಲ್ಲದ, ವಿಜ್ಞಾನ ಓದದ ಸಾಮಾನ್ಯ ಮನುಷ್ಯ ಒಬ್ಬರು ಕಮಿಟಿಯಲ್ಲಿರಬೇಕು. ಅವರಿಲ್ಲದೆ ಸಭೆಯೇ ನಡೆಯುವಂತಿಲ್ಲ. ಶಿವಮೊಗ್ಗದ ಕೋಟೆ ಬಡಾವಣೆಯಲ್ಲಿ ಮನೆ, ಹೊಳೆಹೊನ್ನೂರು ಕಡೆ ಗದ್ದೆ. ಎರಡು ವರ್ಷದಲ್ಲಿ ಅವರು ಸಭೆಯಲ್ಲಿ ಮಾತಾಡಿದ್ದು ಕಡಿಮೆ. ಕಾಫಿ ಕುಡಿದು, ಕೇಳಿಸಿಕೊಂಡು, ಸಹಿ ಹಾಕಿ ಹೋಗುವರು. ಮೇಜಿನ ಆ ತುದಿಯಲ್ಲಿ ಸಂಖ್ಯಾಶಾಸ್ತ್ರದ ಪ್ರೊಫೆಸರ್ ನಾಗೇಶ್. ಉಳಿದವರು ಬೇರೆ ಬೇರೆ ವಿಭಾಗದ ಡಾಕ್ಟರುಗಳು, ಒಬ್ಬ ವಕೀಲರು.

ನಿರಂಜನ ವಿಷಯ ಹೇಳಿ ಮುಗಿಸಿದರು. ನಾಗೇಶ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದರಲ್ಲಿ ಉಳಿಸಿಕೊಳ್ಳೋಕೆ ಏನೂ ಇಲ್ಲ. ಹೋಲಿಸೋಕೆ ಎರಡು ಗುಂಪೇ ಇಲ್ಲ. ಹೋಲಿಕೆ ಇಲ್ಲದ ಸ್ಟಡಿಗೆ ಜನರನ್ನ ಸೇರಿಸೋದೂ ಅನ್ಯಾಯವೇ. ಮುಚ್ಚೋದು ಒಳ್ಳೇದು."

ಒಂದಿಬ್ಬರು ತಲೆಯಾಡಿಸಿದರು. ಭೈರಪ್ಪ ಲೋಟ ಕೆಳಗಿಟ್ಟರು.

"ಒಂದು ಕೇಳ್ಲಾ ಮೇಡಂ? ಈ ಹೆಂಗಸರು ಕಲಸದೇ ಇದ್ದಿದ್ರೆ ಸ್ಟಡಿ ಸರಿ ಇತ್ತಾ?"

"ಇತ್ತು" ಎಂದರು ನಾಗೇಶ್.

"ಹಂಗಾದ್ರೆ ಕಲಸೋರು ಅಂತ ಗೊತ್ತಿರೋರ ಜತೆ ಹೆಂಗೆ ಸ್ಟಡಿ ಮಾಡೋದು ಅಂತ ಅವರನ್ನೇ ಕೇಳೋಣ. ನಮ್ಮ ಗದ್ದೆಗೂ ನಾಟಿ ಗುಂಪು ಬರತ್ತೆ. ಅವರು ಬೇಡ ಅಂದಿದ್ದು ಬೇಡವೇ. ಹೊರಗೆ ಕೂತಿದಾರಲ್ಲ, ಕರೀರಿ."

ವಸಂತಮ್ಮ ಒಳಗೆ ಬಂದಳು. ಹಸಿರು ಅಂಚಿನ ಸೀರೆ, ತಲೆಗೆ ಎಣ್ಣೆ ಹಾಕಿ ಬಿಗಿದ ತುರುಬು. ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟಿದ್ದಳು. ಅವಳ ಜತೆಗೆ ಗುಂಪಿನ ಕಿರಿಯಳು ಹೇಮಶ್ರೀ. ಇಪ್ಪತ್ತಾರರ ಹುಡುಗಿ, ಮದುವೆಯಾಗಿ ಹೊನ್ನೆಕೊಪ್ಪಕ್ಕೆ ಬಂದು ಎರಡು ವರ್ಷ. ಪಟ್ಟಣದ ಬಸ್ಸು, ಆಟೋ ಅವಳಿಗೇ ಚೆನ್ನಾಗಿ ಗೊತ್ತು ಎಂದು ಕರೆತಂದಿದ್ದಳು.

"ಕೂತ್ಕೊಳ್ಳಿ ವಸಂತಮ್ಮ" ಎಂದರು ಪ್ರಿಯದರ್ಶಿನಿ. "ಬೈಯೋಕೆ ಕರೆದಿಲ್ಲ. ಮುಂದೆ ಟ್ಯೂಬ್ ಕೊಟ್ರೆ ಕಲಸದೇ ಹಚ್ಕೊಳ್ತೀರಾ ಅಂತ ಕೇಳೋಕೆ ಕರೆದ್ವಿ."

ವಸಂತಮ್ಮ ಸ್ವಲ್ಪ ಯೋಚಿಸಿದಳು. ಹೂಂ ಎಂದುಬಿಟ್ಟರೆ ಕೆಲಸ ಮುಗಿಯುತ್ತಿತ್ತು. ಶಾಮಲಾ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು ಅವಳನ್ನೇ ನೋಡಿದಳು.

"ಆಗಲ್ಲ ಅಮ್ಮ" ಎಂದಳು ವಸಂತಮ್ಮ. "ಇಲ್ಲಿ ಹೂಂ ಅಂದು ಊರಿಗೆ ಹೋಗಿ ಕಲಸಿದ್ರೆ ನಿಮ್ಗೆ ಮೋಸ ಮಾಡಿದ ಹಾಗೆ. ನಾವು ಸಾಲಲ್ಲಿ ನಿಂತು ನೆಡೋರು. ಪಕ್ಕದೋಳು ಹಿಂದೆ ಬಿದ್ರೆ ಅವಳ ಪಾಲಿನ ಸಸೀನೂ ನಾನೇ ನೆಟ್ಟು ಮುಂದೆ ಹೋಗ್ತೀನಿ. ನಾಳೆ ನಾನು ಹಿಂದೆ ಬಿದ್ರೆ ಅವಳು ನೆಡ್ತಾಳೆ. ನನ್ನ ಕಾಲು ವಾಸಿಯಾಗಿ ಅವಳ ಕಾಲು ಕೊಳೀತಿದ್ರೆ ನಾನು ಹೆಂಗೆ ಮುಲಾಮು ಸೆರಗಲ್ಲಿ ಮುಚ್ಚಿಟ್ಕೊಳ್ಳಲಿ?"

"ಸರಿ. ಆದ್ರೆ ಯಾವ ಮುಲಾಮು ಒಳ್ಳೇದು ಅಂತ ತಿಳೀಬೇಕಲ್ಲ?" ಎಂದರು ನಾಗೇಶ್, ಸ್ವಲ್ಪ ಬೇಸರದಿಂದಲೇ. "ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡದೆ ತಿಳಿಯೋದಿಲ್ಲಮ್ಮ. ಒಂದಕ್ಕೆ ಔಷಧಿ ಹಾಕ್ಬೇಕು, ಇನ್ನೊಂದಕ್ಕೆ ಹಾಕಬಾರದು."

"ಹಂಗೆ ನೋಡೋದಾದ್ರೆ ನೋಡಿ ಸ್ವಾಮಿ, ನಾನು ಬೇಡ ಅಂದ್ನಾ? ಬೇರೆ ಬೇರೆ ಹೆಂಗಸರೇ ಯಾಕೆ ಬೇಕು?" ವಸಂತಮ್ಮ ಸೀರೆಯ ಅಂಚನ್ನು ಒಂದಿಷ್ಟು ಎತ್ತಿ ಎರಡೂ ಪಾದಗಳನ್ನು ಜೋಡಿಸಿ ಮುಂದಕ್ಕೆ ಚಾಚಿದಳು. ಬೆರಳ ಸಂದಿಗಳು ಬೆಳ್ಳಗೆ ಸೀಳಿದ್ದವು. "ಎಲ್ರಿಗೂ ಎರಡೆರಡು ಕಾಲಿದೆ. ಒಂದಕ್ಕೆ ಅದು, ಒಂದಕ್ಕೆ ಇದು. ಎರಡೂ ಇಳಿಯೋದು ಒಂದೇ ಕೆಸರಿಗೆ. ಎಲ್ರಿಗೂ ಒಂದು ಕಾಲು ವಾಸಿ ಆಗತ್ತೆ, ಒಂದು ಕಾಲು ಆಗಲ್ಲ. ಆಗ ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿ ಇಲ್ಲ. ಕಲಸೋಕೆ ಕಾರಣವೇ ಇಲ್ವಲ್ಲ?"

ನಾಗೇಶ್ ಕನ್ನಡಕವನ್ನು ಮತ್ತೆ ಹಾಕಿಕೊಂಡು ಕಾಗದದ ಹಿಂಬದಿಯಲ್ಲಿ ಏನೋ ಬರೆಯತೊಡಗಿದರು. ನಿರಂಜನ ಹಣೆ ಉಜ್ಜಿಕೊಂಡರು. ಚರ್ಮದ ಮುಲಾಮುಗಳನ್ನು ಹಾಗೆ ಪರೀಕ್ಷೆ ಮಾಡುವ ಪದ್ಧತಿ ಉಂಟೆಂದು ಅವರು ಓದಿದ್ದರು. ನೆನಪಾಗದೆ ಹೋಗಿತ್ತು.

"ಇದು ಆಗತ್ತೆ" ಎಂದರು ನಾಗೇಶ್ ತಲೆಯೆತ್ತದೆ. "ಚೆನ್ನಾಗೇ ಆಗತ್ತೆ. ಒಂದೇ ಮನುಷ್ಯ, ಒಂದೇ ವಯಸ್ಸು, ಒಂದೇ ಊಟ, ಒಂದೇ ಕೆಸರು. ನಮ್ಮ ಹಳೇ ಪ್ಲಾನಿಗಿಂತ ಗಟ್ಟಿ. ಇಪ್ಪತ್ತು ಜನ ಸಾಕು. ಯಾರಿಗೆ ಬಲ, ಯಾರಿಗೆ ಎಡ ಅನ್ನೋದನ್ನ ಮಾತ್ರ ಚೀಟಿ ಎತ್ತಿದ ಹಾಗೆ ತೀರ್ಮಾನ ಮಾಡ್ಬೇಕು. ಒಂದು ಕಾಲಿಗೆ ಹಚ್ಚಿದ ಕೈ ತೊಳೆದೇ ಇನ್ನೊಂದಕ್ಕೆ ಹಚ್ಬೇಕು."

"ಬಲ ಎಡ ಗೊಂದಲ ಆಗಲ್ವಾ?" ಎಂದರು ಒಬ್ಬ ಡಾಕ್ಟರು.

"ಉಣ್ಣೋ ಕೈ ಕಡೆ ಕಾಲು ಅಂದ್ರೆ ಯಾರಿಗೂ ಗೊಂದಲ ಆಗಲ್ಲ" ಎಂದಳು ವಸಂತಮ್ಮ.

ಭೈರಪ್ಪ ಜೋರಾಗಿ ನಕ್ಕರು. "ಮೇಷ್ಟ್ರೇ, ಒಂದೂವರೆ ವರ್ಷ ಕಾಗದ ಓದಿದ್ವಿ ಮಾರಾಯ್ರೇ. ನಮ್ಗೂ ಎರಡೆರಡು ಕಾಲಿತ್ತು!"

ಪ್ರಿಯದರ್ಶಿನಿ ನಗಲಿಲ್ಲ. ನಗು ಅಡಗುವ ತನಕ ಕಾದು ಶಾಮಲಾಳ ಕಡೆ ತಿರುಗಿದರು.

"ಒಪ್ಪಿಗೆ ತಗೊಂಡಿದ್ದು ನೀವೇ ಅಲ್ವಾ? ಎಲ್ಲರನ್ನೂ ಒಟ್ಟಿಗೆ ಕೂರಿಸಿ?"

"ಹೌದು ಮೇಡಂ."

"ವಸಂತಮ್ಮ ಹಾಕ್ರೇ ಅಂದ್ರು, ಎಲ್ಲರೂ ಹಾಕಿದ್ರು. ನೀವೇ ಬರೆದಿದೀರಿ."

"ಹೌದು. ಅದು ನನ್ನ ತಪ್ಪು."

"ಅದನ್ನೂ ಬಚ್ಚಿಡದೆ ಬರೆದಿದ್ದಕ್ಕೇ ನಾವು ಈಗ ಇಷ್ಟು ಹೊತ್ತು ಮಾತಾಡ್ತಾ ಇರೋದು." ಅವರು ವಸಂತಮ್ಮನ ಕಡೆ ತಿರುಗಿದರು. "ನೋಡಿ ವಸಂತಮ್ಮ, ನಿಮ್ಮ ಮಾತು ಒಪ್ಪಿದ್ವಿ. ಆದ್ರೆ ಒಂದು ವಿಷಯ. ಸಸಿ ನೆಡೋಕೆ ನಿಮ್ಮದು ಒಂದೇ ಗುಂಪು. ಕಾನೂನಿನ ಮುಂದೆ ನೀವು ಇಪ್ಪತ್ನಾಲ್ಕು ಜನ ಬೇರೆ ಬೇರೆ. ಹೊಸ ಪತ್ರಕ್ಕೆ ಒಬ್ಬೊಬ್ಬರೇ ಬಂದು, ಒಬ್ಬೊಬ್ಬರೇ ಕೇಳಿಸಿಕೊಂಡು, ಮನೆಗೆ ಹೋಗಿ ಯೋಚನೆ ಮಾಡಿ, ಆಮೇಲೆ ಹೂಂ ಅನ್ನಬೇಕು. ಬೇಡ ಅಂದ್ರೆ ಬೇಡ. ಯಾಕೆ ಅಂತ ಕೇಳೋ ಹಾಗಿಲ್ಲ. ಯಾರಾದ್ರೂ ಬಲವಂತ ಮಾಡಿದ್ರು ಅಂತ ಗೊತ್ತಾದ್ರೆ ನಾನೇ ಸ್ಟಡಿ ಮುಚ್ಚಿಸ್ತೀನಿ."

"ನಮ್ಮಲ್ಲಿ ಬೇಡ ಅನ್ನೋರು ಯಾರಿದಾರಮ್ಮ?" ಎಂದಳು ವಸಂತಮ್ಮ ಹೆಮ್ಮೆಯಿಂದ.

ತಿದ್ದಿದ ಪತ್ರ ಕಮಿಟಿಯ ಮುದ್ರೆ ಬಿದ್ದು ಬರುವಷ್ಟರಲ್ಲಿ ಫೆಬ್ರವರಿ ಹತ್ತಾಗಿತ್ತು. ಹಳೆಯ ಎರಡು ವಾರದ ಅಳತೆಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಹರಿದೂ ಹಾಕಲಿಲ್ಲ. ನಡೆದದ್ದರ ವಿವರದೊಂದಿಗೆ ಕಡತದಲ್ಲಿ ಉಳಿಸಿದರು. ನಾಲೆಯ ಕೊನೆಯ ಗದ್ದೆಗಳಿಗೆ ನೀರು ತಡವಾಗಿ ಬರುವುದರಿಂದ ಗುಂಪಿಗೆ ಇನ್ನೂ ಒಂದು ತಿಂಗಳ ನಾಟಿ ಬಾಕಿ ಇತ್ತು. ಶಾಮಲಾ ಶಾಲೆಯ ಒಂದು ಕೋಣೆ ಕೇಳಿ ಪಡೆದು, ಒಬ್ಬೊಬ್ಬರನ್ನೇ ಕರೆದು ಓದಿ ಹೇಳಿದಳು. ಓದಲು ಬಾರದವರ ಜತೆಗೆ ಸ್ಟಡಿಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕಿತ್ತು. ಅಂಗನವಾಡಿಯ ಟೀಚರ್ ಬಂದು ಕೂತಳು. ಇಪ್ಪತ್ತನಾಲ್ಕು ಜನಕ್ಕೆ ಎರಡು ದಿನ ಬೇಕಾಯಿತು. ಮೂರನೆಯ ದಿನ ಸಂಜೆ, ನಾಟಿ ಮುಗಿಸಿ ಬಂದವರು ಒಬ್ಬೊಬ್ಬರೇ ಕೋಣೆಗೆ ಹೋಗಿ ಸಹಿಯೋ ಹೆಬ್ಬೆಟ್ಟೋ ಹಾಕಿ ಬಂದರು.

"ನನ್ನ ಎಡಗಾಲು ಈಗಲೇ ಬಲಗಾಲಿನ ಮೇಲೆ ಹೊಟ್ಟೆಕಿಚ್ಚು ಪಡ್ತಿದೆ ಕಣ್ರೇ" ಎನ್ನುತ್ತ ಪದ್ಮಮ್ಮ ಕುಂಟುವ ಹಾಗೆ ನಟಿಸಿಕೊಂಡು ಹೊರಬಂದಳು.

ಕೊನೆಗೆ ಹೇಮಶ್ರೀ ಒಳಗೆ ಹೋದಳು. ಕೂತಳು. ಪತ್ರವನ್ನು ಮೇಜಿನ ಮೇಲಿಟ್ಟಳು.

"ಶಾಮಲಕ್ಕ, ನಂಗೆ ಬೇಡ."

"ಸರಿ" ಎಂದಳು ಶಾಮಲಾ. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಒಪ್ಪಿಲ್ಲ ಎಂದು ಬರೆದಳು.

"ಯಾಕೆ ಅಂತ ಕೇಳಲ್ವಾ?"

"ಕೇಳೋ ಹಾಗಿಲ್ಲ. ಕೇಳೋ ಮನಸ್ಸೂ ಇಲ್ಲ."

ಹೇಮಶ್ರೀ ಎದ್ದಳು. ಬಾಗಿಲಲ್ಲೇ ವಸಂತಮ್ಮ ನಿಂತಿದ್ದಳು. ಅವಳ ಕಿವಿಗೆ ಎಲ್ಲವೂ ಬಿದ್ದಿತ್ತು.

"ಏನೇ ಇದು ಮಾರಾಯ್ತಿ? ಶಿವಮೊಗ್ಗದ ತನಕ ಜತೇಲಿ ಬಂದೋಳು ನೀನು! ಅಷ್ಟು ದೊಡ್ಡೋರ ಮುಂದೆ ನಮ್ಮಲ್ಲಿ ಬೇಡ ಅನ್ನೋರಿಲ್ಲ ಅಂತ ಹೇಳಿ ಬಂದಿದೀನಿ. ಬಾ, ಹಾಕು ಬಾ" ಎಂದು ಅವಳ ರಟ್ಟೆ ಹಿಡಿದು ಮೇಜಿನ ಹತ್ತಿರ ಎಳೆದು ತಂದಳು. ಹೊರಗಿನ ಹೆಂಗಸರು ಬಾಗಿಲಿಗೆ ಬಂದು ನಿಂತರು. ಹೇಮಶ್ರೀ ತಲೆ ತಗ್ಗಿಸಿದಳು. ಇನ್ನೊಂದು ಮಾತಿಗೆ ಅವಳು ಪೆನ್ನು ತೆಗೆದುಕೊಳ್ಳುತ್ತಾಳೆ ಎಂದು ಎಲ್ಲರಿಗೂ ಕಾಣುತ್ತಿತ್ತು.

ಶಾಮಲಾ ಪೆನ್ನಿಗೆ ಕ್ಯಾಪು ಹಾಕಿ ಚೀಲದೊಳಗಿಟ್ಟಳು.

"ವಸಂತಕ್ಕ, ಈಗ ಹೇಮಶ್ರೀ ತಾನಾಗೇ ಹಾಕ್ತೀನಿ ಅಂದ್ರೂ ನಾನು ತಗೊಳ್ಳಲ್ಲ. ನೀನು ಅವಳ ಕೈ ಬಿಡದೇ ಇದ್ರೆ ಅದನ್ನೂ ನಾನು ಬರೀಬೇಕಾಗತ್ತೆ. ಹೋದ್ಸಲ ಬರೆದ ಹಾಗೇ. ಬರೆದ್ರೆ ಆ ಅಮ್ಮ ಮುಚ್ಚಿಸ್ತಾರೆ. ಇಪ್ಪತ್ತಮೂರು ಜನ ಹೂಂ ಅಂದಿದ್ದೂ ಹೋಗತ್ತೆ."

"ಬರೀತೀಯಾ ನೀನು?"

"ಬರೀತೀನಿ."

ವಸಂತಮ್ಮ ಶಾಮಲಾಳ ಮುಖ ನೋಡಿದಳು. ಬರೆಯುವವಳೇ ಎಂದು ಅವಳಿಗೆ ಗೊತ್ತಿತ್ತು. ಹಿಡಿದ ರಟ್ಟೆಯನ್ನು ನೋಡಿದಳು. ಬೆರಳುಗಳ ಗುರುತು ಕೆಂಪಗೆ ಮೂಡಿತ್ತು. ಮೂವತ್ತು ವರ್ಷದಲ್ಲಿ ಸಾಲಿನಲ್ಲಿ ಹಿಂದೆ ಬಿದ್ದವರನ್ನು ಕಂಡಿದ್ದಳು. ಸಾಲಿಗೇ ಬರುವುದಿಲ್ಲ ಎಂದವರನ್ನು ಕಂಡಿರಲಿಲ್ಲ. ಅವಳು ಕೈ ಬಿಟ್ಟಳು. ಬಿಟ್ಟ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಸೆರಗಿಗೆ ಒರೆಸಿಕೊಂಡಳು.

"ಇವಳ ಹುಣ್ಣಿಗೆ ಏನು ಹಚ್ಚೋದು?" ಎಂದಳು ಕೊನೆಗೆ. ದನಿ ಇಳಿದಿತ್ತು.

"ಆಸ್ಪತ್ರೇಲಿ ಎಲ್ರಿಗೂ ಕೊಡೋ ಮಾಮೂಲಿ ಮುಲಾಮು ಇದೆ. ಬೇಡ ಅಂದೋರಿಗೆ ಆರೈಕೆ ಕಮ್ಮಿ ಮಾಡೋ ಹಾಗಿಲ್ಲ, ಅದೂ ಕಾನೂನೇ. ಇವಳ ಕಾಲೂ ಪ್ರತಿ ವಾರ ನಾನೇ ನೋಡ್ತೀನಿ."

"ಕಾನೂನು ಅಷ್ಟೆಲ್ಲಾ ಯೋಚ್ನೆ ಮಾಡತ್ತಾ?"

"ಕೆಲವು ಸಲ ಮಾಡತ್ತೆ."

ವಸಂತಮ್ಮ ಬಾಗಿಲಿನ ಕಡೆ ತಿರುಗಿ, "ಏನ್ರೇ ನಾಟಕ ನೋಡೋ ಹಾಗೆ ನಿಂತಿದೀರಿ? ದಾರಿ ಬಿಡಿ" ಎಂದು ಗದರಿದಳು. ಆಮೇಲೆ ಹೇಮಶ್ರೀಗೆ, ಅವಳ ಮುಖ ನೋಡದೆ, "ನಾಳೆ ಹೊಸ ಮಡಿ. ಏಳು ಗಂಟೆಗೆಲ್ಲ ಬಾ. ನನ್ನ ಪಕ್ಕದಲ್ಲೇ ನಿಂತ್ಕೋ, ಅಲ್ಲಿ ಕೆಸರು ಕಮ್ಮಿ" ಎಂದಳು.

ಹೇಮಶ್ರೀ ಹೂಂ ಎಂದಳು.

ಶಾಮಲಾ ಚೀಲದಿಂದ ಪೆನ್ನು ತೆಗೆದು, ಪಟ್ಟಿಯ ಕೆಳಗೆ ಇಪ್ಪತ್ತಮೂರು ಎಂದು ಬರೆದಳು. ಆಮೇಲೆ ಪೆಟ್ಟಿಗೆ ಒಡೆದು ಒಬ್ಬೊಬ್ಬರಿಗೂ ಎರಡೆರಡು ಟ್ಯೂಬು ಕೊಡತೊಡಗಿದಳು. ಒಂದರ ಮೇಲೆ ಬಲ, ಇನ್ನೊಂದರ ಮೇಲೆ ಎಡ. ವಸಂತಮ್ಮ ತನ್ನ ಪಾಲಿನ ಎರಡನ್ನೂ ಬೇರೆ ಬೇರೆ ಕೈಯಲ್ಲಿ ಹಿಡಿದುಕೊಂಡು ಹೊರಟಳು.